ಬೆಂಜಮಿನ್ ಗ್ರಹಾಂ: ಸೋತು ಕಲಿಸಿದ ಮೇಷ್ಟ್ರು

ಮೊಬೈಲಿಗೆ ಬಂದ ಟಿಪ್ ನಂಬಿ ಫೀಸಿನ ಹಣವನ್ನು ಷೇರಿಗೆ ಹಾಕಲು ಹೊರಟಿದ್ದ ನನ್ನನ್ನು ತಡೆದದ್ದು ಬೆಂಜಮಿನ್ ಗ್ರಹಾಂ ಅವರ ಬದುಕು.

1894ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ತಾಯಿ ಸಾಲದ ಮೇಲೆ ಕೊಂಡ ಷೇರುಗಳು 1907ರ ಕುಸಿತದಲ್ಲಿ ಮುಳುಗಿದವು. ವಿದ್ಯಾರ್ಥಿವೇತನದಿಂದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. 1928ರಿಂದ ಅಲ್ಲೇ ಹೂಡಿಕೆಯ ಪಾಠ ಹೇಳತೊಡಗಿದರು. ಮರುವರ್ಷ ಮಾರುಕಟ್ಟೆ ಕುಸಿದಾಗ ಅವರಿಗೂ ಭಾರೀ ನಷ್ಟವಾಯಿತು. ಆದರೂ ಪಾಠ ಬಿಡಲಿಲ್ಲ. 1934ರಲ್ಲಿ ಡೇವಿಡ್ ಡಾಡ್ ಜೊತೆ ‘ಸೆಕ್ಯೂರಿಟಿ ಅನಾಲಿಸಿಸ್’ ಬರೆದರು. ಕಂಪನಿಯ ಲೆಕ್ಕಪತ್ರ ಓದಿ ಷೇರಿನ ನಿಜವಾದ ಮೌಲ್ಯ ಅಂದಾಜಿಸಬೇಕು, ಅದಕ್ಕಿಂತ ಸಾಕಷ್ಟು ಅಗ್ಗವಾಗಿ ಸಿಕ್ಕರೆ ಮಾತ್ರ ಕೊಳ್ಳಬೇಕು ಎಂಬುದು ಅವರ ಪಾಠದ ಸಾರ. ವಾರೆನ್ ಬಫೆಟ್ ಅವರ ಶಿಷ್ಯರು. ಗ್ರಹಾಂ 1976ರಲ್ಲಿ ತೀರಿಕೊಂಡರು.

ನಾನು ಫೀಸು ಕಟ್ಟಿದೆ. ಈಗ ಬ್ಯಾಲೆನ್ಸ್ ಶೀಟ್ ಓದಲು ಕಲಿಯುತ್ತಿದ್ದೇನೆ.