ಕಣ್ಣೀರು ತರಿಸಿದ ಮಿನುಗುತಾರೆ ಕಲ್ಪನಾ

ಪುಣೆಯಿಂದ ಊರಿಗೆ ಹೊರಟ ನಮಗೆಲ್ಲ ಕೊಲ್ಹಾಪುರ, ಕಾಗಲ್ ದಾಟಿ ನಿಪ್ಪಾಣಿ ಸಮೀಪಿಸುತ್ತಿದ್ದಂತೆ ಕನ್ನಡ ಫಲಕಗಳನ್ನು ಕಾಣುವ ಸಂತೋಷ. ಅಲ್ಲಿಂದ ಬೆಳಗಾವಿಯ ಕಡೆಗೆ ಸಾಗುವಾಗ ಸಂಕೇಶ್ವರ ಸಿಗುತ್ತದೆ. ಅದರ ಬಳಿಯಲ್ಲಿಯೇ ಗೋಟೂರು ಎಂಬ ಸಣ್ಣ ಊರು ಇದೆ. ಚಹಾ ಕುಡಿಯಲೆಂದೂ ಅಲ್ಲಿ ನಿಲ್ಲದೆ ನಾವು ಎಷ್ಟೋ ಬಾರಿ ಮುಂದೆ ಹೋಗಿದ್ದೇವೆ. ಆದರೆ ಆ ಊರಿನ ಪ್ರವಾಸಿ ಮಂದಿರದಲ್ಲಿ 1979ರ ಮೇ ತಿಂಗಳಿನಲ್ಲಿ ಕನ್ನಡ ಚಿತ್ರರಂಗದ ಒಬ್ಬ ಶ್ರೇಷ್ಠ ಅಭಿನೇತ್ರಿ ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ಅವರೇ ಮಿನುಗುತಾರೆ ಕಲ್ಪನಾ. ಆಗ ಅವರ ವಯಸ್ಸು ಕೇವಲ 35.

ನಮ್ಮ ಕನ್ನಡ ಕುಟುಂಬಗಳು ಹಬ್ಬ ಹರಿದಿನಗಳಲ್ಲಿ ಒಂದೆಡೆ ಸೇರಿದಾಗ ಹಳೆಯ ಚಿತ್ರಗಳ ಮಾತು ಬಾರದೆ ಇರುವುದಿಲ್ಲ. ನಗಿಸಿದ ಚಿತ್ರಗಳು ಹಲವು. ಆದರೆ ಮರೆಯಲಾಗದ ಚಿತ್ರ ಯಾವುದೆಂಬ ಪ್ರಶ್ನೆ ಬಂದಾಗ ಹಿರಿಯರು ಹೇಳುವುದು ನಮ್ಮನ್ನು ಕಣ್ಣೀರಿನಲ್ಲಿ ತೋಯಿಸಿದ ಚಿತ್ರಗಳನ್ನೇ. ಮರಾಠಿ ನೆರೆಯವರಿಗೆ ಆಚಾರ್ಯ ಅತ್ರೆಯವರ 1953ರ ಶ್ಯಾಮಚಿ ಆಯಿ ಹೇಗೋ ನಮಗೆ ಗೆಜ್ಜೆ ಪೂಜೆ, ಶರಪಂಜರ ಹಾಗೆ. ಈ ಎರಡರಲ್ಲಿಯೂ ನಮ್ಮನ್ನು ಅಳಿಸಿದವರು ಕಲ್ಪನಾ ಅವರೇ. ಆದ್ದರಿಂದ ಅವರ ಬದುಕನ್ನು ಸಂಕ್ಷಿಪ್ತವಾಗಿ ಓದುಗರ ಮುಂದಿಡುವ ಅಲ್ಪ ಪ್ರಯತ್ನವನ್ನು ಇಲ್ಲಿ ಮಾಡಿದ್ದೇವೆ.

ಕಲ್ಪನಾ ಅವರು ಜನಿಸಿದ್ದು 1943ರ ಜುಲೈ 18ರಂದು, ದಕ್ಷಿಣ ಕನ್ನಡದಲ್ಲಿ. ಅವರ ಮೊದಲ ಹೆಸರು ಶರತ್‌ಲತಾ. ಕಲ್ಪನಾ ಎಂಬುದು ಚಿತ್ರರಂಗದಲ್ಲಿ ಬಂದ ಹೆಸರು. 1963ರಲ್ಲಿ ಬಿ. ಆರ್. ಪಂತುಲು ಅವರ ಸಾಕುಮಗಳು ಚಿತ್ರದಲ್ಲಿ ರಾಜ್‌ಕುಮಾರ್ ಅವರೊಂದಿಗೆ ನಟಿಸಿ ಅವರು ಬೆಳ್ಳಿತೆರೆಗೆ ಬಂದರು. ಮುಂದಿನ ಮೂರು ನಾಲ್ಕು ವರ್ಷ ಪಾತ್ರಗಳು ದೊರೆತರೂ ಅವರ ಒಳಗಿದ್ದ ಕಲಾವಿದೆಯನ್ನು ಹೊರತರುವಂಥ ಕಥೆ ಸಿಕ್ಕಿರಲಿಲ್ಲ.

ಆ ಕಥೆಯನ್ನು ಕೊಟ್ಟವರು ಕಾದಂಬರಿಕಾರ್ತಿ ತ್ರಿವೇಣಿಯವರು; ಅದನ್ನು ತೆರೆಗೆ ತಂದವರು ಪುಟ್ಟಣ್ಣ ಕಣಗಾಲ್ ಅವರು. 1967ರಲ್ಲಿ ತೆರೆಕಂಡ ಬೆಳ್ಳಿಮೋಡ ಪುಟ್ಟಣ್ಣನವರು ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಕನ್ನಡ ಚಿತ್ರ. ಸಿರಿವಂತ ಮನೆಯ ಒಬ್ಬಳೇ ಮಗಳು ಇಂದಿರೆಯ ಕಥೆ ಅದು. ಮನೆಗೆ ಗಂಡು ಮಗು ಹುಟ್ಟಿ ಆಸ್ತಿ ಅವಳ ಪಾಲಿಗೆ ಬಾರದೆಂದು ತಿಳಿದಾಗ ವರನ ಮನಸ್ಸು ತಿರುಗುತ್ತದೆ. ಮುಂದೆ ಅವನು ಪಶ್ಚಾತ್ತಾಪಪಟ್ಟು ಬಂದಾಗ ಇಂದಿರೆ ಅವನನ್ನು ಒಪ್ಪುವುದಿಲ್ಲ. ಗಂಡಿನ ಕ್ಷಮಾಯಾಚನೆಯೊಂದಿಗೆ ಚಿತ್ರ ಸುಖವಾಗಿ ಮುಗಿಯಬೇಕೆಂಬ ರೂಢಿಯಿದ್ದ ಕಾಲದಲ್ಲಿ ಈ ನಿರಾಕರಣೆ ಹೊಸದಾಗಿತ್ತು. ಬೇಂದ್ರೆಯವರ ಬೆಳಗಿನ ಕವಿತೆ ವಿಜಯಭಾಸ್ಕರ್ ಅವರ ಸಂಗೀತದಲ್ಲಿ ನಾಡಿನ ಮನೆಮನೆಗೆ ತಲುಪಿದ್ದೂ ಈ ಚಿತ್ರದಿಂದಲೇ.

ಮರುವರ್ಷ, 1968ರಲ್ಲಿ, ಎಂ. ಆರ್. ವಿಠಲ್ ಅವರ ನಿರ್ದೇಶನದಲ್ಲಿ ತ್ರಿವೇಣಿಯವರದೇ ಹಣ್ಣೆಲೆ ಚಿಗುರಿದಾಗ ಬಂದಿತು. ವಿಧವಾ ವಿವಾಹದ ಪ್ರಶ್ನೆಯನ್ನು ಎತ್ತಿದ ಆ ಚಿತ್ರದಲ್ಲಿ ಕಲ್ಪನಾ ಅವರದು ಎಳೆವಯಸ್ಸಿನ ವಿಧವೆಯ ಪಾತ್ರ. ಬಳಿಕ 1969ರಲ್ಲಿ ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ಗೆಜ್ಜೆ ಪೂಜೆ. ಗಣಿಕೆಯರ ಮನೆಯಲ್ಲಿ ಹುಟ್ಟಿದ ಚಂದ್ರಾ ಎಂಬ ಹುಡುಗಿ ಓದಿ, ಮದುವೆಯಾಗಿ ಎಲ್ಲರಂತೆ ಬಾಳಬೇಕೆಂದು ಬಯಸುತ್ತಾಳೆ. ಆಕೆಯನ್ನು ಆ ಮನೆಯ ಹೊಸ್ತಿಲು ದಾಟಲು ಸಮಾಜ ಬಿಡುವುದಿಲ್ಲ. ಆಕೆಯ ಕಥೆ ಸಾವಿನಲ್ಲಿ ಮುಗಿಯುತ್ತದೆ. ಕನ್ನಡದ ಅತ್ಯುತ್ತಮ ಚಿತ್ರವೆಂದೂ ಉತ್ತಮ ಚಿತ್ರಕಥೆಗೆಂದೂ ಅದಕ್ಕೆ ರಾಷ್ಟ್ರಪ್ರಶಸ್ತಿಗಳು ದೊರೆತವು.

ಅನಂತರ ಬಂದದ್ದು 1971ರ ಶರಪಂಜರ. ಇಂದಿಗೂ ಕಲ್ಪನಾ ಎಂದೊಡನೆ ನೆನಪಾಗುವುದು ಈ ಚಿತ್ರದ ಕಾವೇರಿಯೇ. ಪ್ರೀತಿಯ ಗಂಡ, ಚೆಲುವಾದ ಸಂಸಾರ, ಬೇಂದ್ರೆಯವರ ಕವಿತೆಯ ಹಿನ್ನೆಲೆಯಲ್ಲಿ ನಲಿಯುವ ದಾಂಪತ್ಯ, ಎಲ್ಲವೂ ಆಕೆಗಿದೆ. ಎರಡನೆಯ ಹೆರಿಗೆಯ ನಂತರ ಕಾವೇರಿಯ ಮನಸ್ಸು ಅಸ್ವಸ್ಥವಾಗುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಆಕೆ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಚಿತ್ರದ ನಿಜವಾದ ದುಃಖ ಆರಂಭವಾಗುವುದು ಇಲ್ಲಿಂದ. ಆಕೆ ನಕ್ಕರೆ ಸಂಶಯ, ಸಿಟ್ಟಾದರೆ ಭಯ, ಅಲಂಕರಿಸಿಕೊಂಡರೆ ಗುಸುಗುಸು. ಗಂಡನ ಮನಸ್ಸೂ ಬೇರೆಡೆಗೆ ಹೋಗಿರುತ್ತದೆ. ವೈದ್ಯರು ಗುಣಪಡಿಸಿದ ಹೆಣ್ಣನ್ನು ಮನೆಯವರು, ನೆರೆಯವರು ಸೇರಿ ಮತ್ತೆ ಅದೇ ಕತ್ತಲೆಗೆ ತಳ್ಳುತ್ತಾರೆ. ಕೊನೆಯ ದೃಶ್ಯಗಳಲ್ಲಿ ಕಲ್ಪನಾ ಅವರ ಕಣ್ಣುಗಳನ್ನು ಕಂಡವರು ಅವನ್ನು ಮರೆಯಲಾರರು. ಈ ಚಿತ್ರಕ್ಕೂ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಸಂದಿತು.

ನಾವು ಇದನ್ನು ಮೊದಲು ನೋಡಿದ್ದು ಧಾರವಾಡದಲ್ಲಿ, ಚಿತ್ರ ಮರುಬಿಡುಗಡೆಯಾದಾಗ, ನಮ್ಮ ತಾಯಿಯವರ ಜೊತೆಯಲ್ಲಿ. ಆಗ ನಾವಿನ್ನೂ ಶಾಲಾ ಬಾಲಕರು. ಕಥೆ ಪೂರ್ಣವಾಗಿ ಅರ್ಥವಾಗಲಿಲ್ಲ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ತಾಯಿಯವರು ಒಂದು ಮಾತನ್ನೂ ಆಡದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದುದು ನೆನಪಿದೆ. ಅಂದು ರಾತ್ರಿ ಬಡಿಸುವಾಗಲೂ ಅವರ ಮನಸ್ಸು ಎಲ್ಲಿಯೋ ಇತ್ತು.

ಮುಂದೆ ಬ್ಯಾಂಕಿನ ನೌಕರಿ ನಮ್ಮನ್ನು ಪುಣೆಗೆ ತಂದಿತು. ಒಮ್ಮೆ ನಮ್ಮ ಶಾಖೆಯ ಸಹೋದ್ಯೋಗಿಯೊಬ್ಬರು ಮಾನಸಿಕ ಅಸ್ವಸ್ಥತೆಗೆ ಚಿಕಿತ್ಸೆ ಪಡೆದು ಕೆಲವು ತಿಂಗಳ ರಜೆಯ ನಂತರ ಕೆಲಸಕ್ಕೆ ಮರಳಿದರು. ಅವರ ಕೆಲಸದಲ್ಲಿ ಯಾವ ಲೋಪವೂ ಇರಲಿಲ್ಲ. ಆದರೂ ಅವರು ಬರೆದ ಲೆಡ್ಜರ್ ಪುಟಗಳನ್ನು ಮಾತ್ರ ನಾವು ಎರಡೆರಡು ಬಾರಿ ಪರೀಕ್ಷಿಸುತ್ತಿದ್ದೆವು. ಅವರು ಸ್ವಲ್ಪ ಗಟ್ಟಿಯಾಗಿ ಮಾತನಾಡಿದರೆ ಪರಸ್ಪರ ಮುಖ ನೋಡಿಕೊಳ್ಳುತ್ತಿದ್ದೆವು. ಕೆಲವೇ ದಿನಗಳಲ್ಲಿ ಅವರು ವರ್ಗಾವಣೆ ಕೇಳಿ ಹೊರಟುಹೋದರು. ಎಷ್ಟೋ ವರ್ಷಗಳ ಬಳಿಕ ಶರಪಂಜರವನ್ನು ಮತ್ತೊಮ್ಮೆ ನೋಡುತ್ತಿದ್ದಾಗ ಕಾವೇರಿಯನ್ನು ಓರೆಗಣ್ಣಿನಿಂದ ನೋಡುವ ಆ ನೆರೆಹೊರೆಯವರಲ್ಲಿ ನಮ್ಮ ಮುಖವೇ ನಮಗೆ ಕಂಡಿತು. ಅಂದು ಬಂದ ಕಣ್ಣೀರು ಕಾವೇರಿಗಾಗಿ ಮಾತ್ರ ಬಂದದ್ದಲ್ಲ.

ಕಲ್ಪನಾ ಅವರು ಅಳುವ ಪಾತ್ರಗಳಿಗೆ ಮಾತ್ರ ಸೀಮಿತರಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1972ರ ನಾ ಮೆಚ್ಚಿದ ಹುಡುಗ ಚಿತ್ರದಲ್ಲಿ ಅವರ ಲವಲವಿಕೆಯನ್ನು ಕಾಣಬಹುದು. 1973ರ ಗಂಧದ ಗುಡಿಯಲ್ಲಿ ರಾಜ್‌ಕುಮಾರ್ ಅವರಿಗೆ ನಾಯಕಿಯಾದರು. 1974ರಲ್ಲಿ ದೊರೈ-ಭಗವಾನ್ ಅವರ ಎರಡು ಕನಸು ಚಿತ್ರದಲ್ಲಿ, ಹಳೆಯ ಪ್ರೇಮವನ್ನು ಮರೆಯಲಾಗದ ಗಂಡನೊಡನೆ ಸಹನೆಯಿಂದ ಬಾಳುವ ಹೆಂಡತಿಯಾಗಿ ಮತ್ತೆ ಪ್ರೇಕ್ಷಕರ ಕಣ್ಣು ಒದ್ದೆ ಮಾಡಿದರು. ಅವರು ಉಡುತ್ತಿದ್ದ ಸೀರೆ, ತೊಡುತ್ತಿದ್ದ ರವಿಕೆ, ಬಳೆಗಳನ್ನು ನೋಡಿ ನಾಡಿನ ಹೆಣ್ಣುಮಕ್ಕಳು ಅನುಕರಿಸುತ್ತಿದ್ದ ಕಾಲವೊಂದಿತ್ತು.

ಆದರೆ ಶರಪಂಜರದ ನಂತರ ಪುಟ್ಟಣ್ಣ ಹಾಗೂ ಕಲ್ಪನಾ ಅವರ ಜೋಡಿ ಮುಂದುವರಿಯಲಿಲ್ಲ. ಪುಟ್ಟಣ್ಣನವರ ಮುಂದಿನ ಚಿತ್ರಗಳಿಗೆ ಬೇರೆ ನಾಯಕಿಯರು ಬಂದರು. ಎಪ್ಪತ್ತರ ದಶಕದ ಕೊನೆಯ ವೇಳೆಗೆ ಕಲ್ಪನಾ ಅವರಿಗೆ ಅವಕಾಶಗಳು ಕಡಿಮೆಯಾದವು. ಅವರು ವೃತ್ತಿನಾಟಕ ತಂಡದೊಂದಿಗೆ ಉತ್ತರ ಕರ್ನಾಟಕದ ಊರೂರು ತಿರುಗಿ ರಂಗದ ಮೇಲೆ ಅಭಿನಯಿಸತೊಡಗಿದರು. ಹಾಗೆ ಬಂದವರ ಪಯಣ ಗೋಟೂರಿನಲ್ಲಿ ನಿಂತಿತು. ಆ ಸಾವಿನ ಸುತ್ತ ಹಲವು ಕಥೆಗಳು ಹಬ್ಬಿವೆ. ಅವನ್ನು ಇಲ್ಲಿ ಮತ್ತೆ ಕೆದಕುವುದು ನಮಗೆ ಸರಿಕಾಣದು.

ಇಲ್ಲಿ ಒಂದು ಸಂಗತಿ ಮನಸ್ಸನ್ನು ಕಲಕುತ್ತದೆ. ಬೆಳ್ಳಿಮೋಡ, ಹಣ್ಣೆಲೆ ಚಿಗುರಿದಾಗ, ಶರಪಂಜರ, ಈ ಮೂರೂ ಕಥೆಗಳನ್ನು ಬರೆದ ತ್ರಿವೇಣಿಯವರು 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ 34 ವರ್ಷ. ಕಲ್ಪನಾ ಅವರ ಮೊದಲ ಚಿತ್ರ ಬಂದದ್ದು ಅದೇ ವರ್ಷ. ಮನಶ್ಶಾಸ್ತ್ರವನ್ನು ಓದಿದ್ದ ಆ ಲೇಖಕಿ ತಮ್ಮ ಕಾವೇರಿಯನ್ನು ತೆರೆಯ ಮೇಲೆ ಕಾಣಲಿಲ್ಲ. ಪುಟ್ಟಣ್ಣನವರೂ 1985ರ ಜೂನ್‌ನಲ್ಲಿ, 51ನೆಯ ವಯಸ್ಸಿನಲ್ಲಿ ಅಗಲಿದರು. ಪುಣೆಯಲ್ಲಿಯೇ ಜನಿಸಿದ ಸ್ಮಿತಾ ಪಾಟೀಲ್ ಅವರು 1986ರಲ್ಲಿ 31ನೆಯ ವಯಸ್ಸಿಗೆ, ಮಗನನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡುದನ್ನೂ ನಮ್ಮ ನಗರದ ಓದುಗರು ಬಲ್ಲರು.

ಕಾವೇರಿಯ ಕಾಲದಿಂದ ಈಚೆಗೆ ವೈದ್ಯಕೀಯವು ಬಹಳ ಮುಂದೆ ಬಂದಿದೆ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರು ತಾಯಂದಿರಿಗೆ ಇಂಥ ತೀವ್ರ ಅಸ್ವಸ್ಥತೆ ಬರುವುದುಂಟು; ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಅದು ವಾಸಿಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರ್ಪಡಿಸದೆ ಚಿಕಿತ್ಸೆ ನೀಡುವ ವಿಭಾಗ 2009ರಿಂದ ನಡೆಯುತ್ತಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತನಾಡಬಹುದು. ಆದರೆ ಗುಣಮುಖರಾಗಿ ಮನೆಗೆ ಮರಳಿದವರನ್ನು ಎಂದಿನಂತೆ ಕಾಣುವ ಕೆಲಸವನ್ನು ಯಾವ ಆಸ್ಪತ್ರೆಯೂ ಮಾಡಲಾರದು. ಅದು ಮನೆಯವರದು, ನೆರೆಯವರದು, ಕಚೇರಿಯಲ್ಲಿ ಪಕ್ಕದ ಮೇಜಿನಲ್ಲಿ ಕುಳಿತವರದು.

ಮುಂದಿನ ಬಾರಿ ಊರಿಗೆ ಹೊರಟಾಗ, ಸಂಕೇಶ್ವರದ ಬಳಿ ಬಂದಾಗ, ಓದುಗರು ಈ ಕಲಾವಿದೆಯನ್ನು ಒಂದು ಕ್ಷಣ ನೆನೆಯಲಿ. ರಜೆಯಲ್ಲಿ ಮನೆಮಂದಿಯೆಲ್ಲ ಕುಳಿತು ಶರಪಂಜರವನ್ನು ಒಮ್ಮೆ ನೋಡಲಿ, ಮಕ್ಕಳಿಗೂ ತೋರಿಸಲಿ. ಅತ್ತ ಮೇಲೆ, ನಮ್ಮ ಬಳಗದಲ್ಲಿ ಕಾವೇರಿಯಂತೆ ಮರಳಿ ಬಂದವರು ಯಾರಾದರೂ ಇದ್ದರೆ ಅವರನ್ನು ಊಟಕ್ಕೆ ಕರೆಯೋಣ. ನಮ್ಮ ಆ ಸಹೋದ್ಯೋಗಿಯನ್ನು ನಾವು ಒಮ್ಮೆಯೂ ಕರೆದಿರಲಿಲ್ಲ.