ಅರುವಿಪ್ಪುರದಿಂದ ಕುದ್ರೋಳಿಯವರೆಗೆ: ಶ್ರೀ ನಾರಾಯಣ ಗುರುಗಳು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಓರ್ವ ಮಹನೀಯರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಮಿತಿಯವರು ಸೂಚಿಸಿದಾಗ ನನ್ನ ಮನಸ್ಸಿಗೆ ಮೊದಲು ಬಂದ ಹೆಸರು ಶ್ರೀ ನಾರಾಯಣ ಗುರುಗಳದು. ಕನ್ನಡ ಮಾಧ್ಯಮದಲ್ಲಿ ಕಲಿತ ನನಗೆ ಅವರ ಪರಿಚಯವಾದದ್ದು ಪಠ್ಯಪುಸ್ತಕದಿಂದಲ್ಲ, ನೆರೆಮನೆಗಳ ಗೋಡೆಯ ಮೇಲಿದ್ದ ಪಟದಿಂದ. ತುಳು ಮಾತನಾಡುವ ಬಿಲ್ಲವರ ಮನೆಯಲ್ಲಿಯೂ ಮಲಯಾಳ ಮಾತನಾಡುವ ತೀಯರ ಮನೆಯಲ್ಲಿಯೂ ಅದೇ ಪಟ, ಅದೇ ದೀಪ. ಭಾಷೆಯ ವಿಷಯದಲ್ಲಿ ಇಷ್ಟೊಂದು ವಾದ ವಿವಾದಗಳನ್ನು ಕಂಡ ನಮ್ಮ ಕಾಸರಗೋಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಗುರುಗಳು ತಿರುವನಂತಪುರದ ಸಮೀಪದ ಚೆಂಬಳಂದಿ ಎಂಬ ಗ್ರಾಮದಲ್ಲಿ 1856ರಲ್ಲಿ ಈಳವ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಮಾಡನ್ ಆಶಾನ್, ತಾಯಿ ಕುಟ್ಟಿಯಮ್ಮ. ಆಶಾನ್ ಎಂದರೆ ಹಳ್ಳಿಯ ಉಪಾಧ್ಯಾಯ. ನಮ್ಮ ಹಿರಿಯರು ಐಗಳು ಎನ್ನುತ್ತಿದ್ದರಲ್ಲ, ಹಾಗೆ. ಆ ಮನೆಯಲ್ಲಿ ಅಕ್ಷರವಿತ್ತು, ವೈದ್ಯವಿತ್ತು, ಸಂಸ್ಕೃತವೂ ಇತ್ತು. ಆದರೆ ಮನೆಯ ಹೊರಗೆ ಈಳವರಿಗೆ ದೇವಾಲಯದ ಬಾಗಿಲು ಹಾಗಿರಲಿ, ಅದರ ಸುತ್ತಣ ದಾರಿಯೂ ನಿಷಿದ್ಧವಾಗಿತ್ತು. ಸರಕಾರಿ ನೌಕರಿಯ ಮಾತಂತೂ ದೂರ. ಬಾಲಕ ನಾಣು ಪುದುಪ್ಪಳ್ಳಿಯಲ್ಲಿ ಕುಮ್ಮಂಪಳ್ಳಿ ರಾಮನ್ ಪಿಳ್ಳೆ ಆಶಾನರ ಬಳಿ ಸಂಸ್ಕೃತವನ್ನು ಅಭ್ಯಾಸ ಮಾಡಿ, ಊರಿಗೆ ಮರಳಿ ಮಕ್ಕಳಿಗೆ ಪಾಠ ಹೇಳತೊಡಗಿ, ನಾಣು ಆಶಾನ್ ಎಂದೆನಿಸಿಕೊಂಡರು. ಅಧ್ಯಾಪಕ ವೃತ್ತಿಯಲ್ಲಿ ಆಯುಷ್ಯ ಸವೆಸಿದ ನನಗೆ ಅವರ ಜೀವನದ ಈ ಘಟ್ಟ ವಿಶೇಷವಾಗಿ ಪ್ರಿಯವಾದುದು.

ಮುಂದೆ ಅವರು ಮನೆ ತೊರೆದು ಅಲೆದರು. ಚಟ್ಟಂಬಿ ಸ್ವಾಮಿಗಳ ಒಡನಾಟ, ತೈಕ್ಕಾಡು ಅಯ್ಯಾವು ಅವರಿಂದ ಯೋಗಾಭ್ಯಾಸ, ಮರುತ್ವಾಮಲೆಯ ಗುಹೆಯಲ್ಲಿ ತಪಸ್ಸು, ಇವೆಲ್ಲ ಆ ವರ್ಷಗಳಲ್ಲಿ ನಡೆದವು. ಕೊನೆಗೆ ನೆಯ್ಯಾರ್ ನದಿಯ ದಡದ ಅರುವಿಪ್ಪುರದಲ್ಲಿ ನೆಲೆಸಿದರು. 1888ರ ಶಿವರಾತ್ರಿಯಂದು ಅವರು ನದಿಯಲ್ಲಿ ಮುಳುಗಿ ಒಂದು ಕಲ್ಲನ್ನು ಮೇಲೆತ್ತಿ ತಂದು, ಅದನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಧ್ಯಾನಸ್ಥರಾಗಿ ನಿಂತು, ಬಳಿಕ ಶಿವನೆಂದು ಪ್ರತಿಷ್ಠಾಪಿಸಿದರೆಂದು ಹೇಳುತ್ತಾರೆ. ಗರ್ಭಗುಡಿಯಿಲ್ಲ, ಗೋಪುರವಿಲ್ಲ, ತಂತ್ರಿಗಳಿಲ್ಲ. ಬ್ರಾಹ್ಮಣನಲ್ಲದವನಿಗೆ ಈ ಅಧಿಕಾರವೆಲ್ಲಿಯದು ಎಂದು ಆಕ್ಷೇಪ ಬಂದಾಗ, ತಾನು ಪ್ರತಿಷ್ಠಾಪಿಸಿದ್ದು ಈಳವರ ಶಿವನನ್ನಷ್ಟೇ ಎಂದು ಅವರು ಶಾಂತವಾಗಿ ತಿಳಿಸಿದರಂತೆ. ಶಾಸ್ತ್ರಾರ್ಥಕ್ಕಿಳಿಯಲಿಲ್ಲ, ಯಾರನ್ನೂ ನಿಂದಿಸಲಿಲ್ಲ. ಆದರೆ ಶತಮಾನಗಳ ಕಟ್ಟೊಂದು ಆ ರಾತ್ರಿ ಸಡಿಲಿತು. ಜಾತಿಭೇದವೂ ಮತದ್ವೇಷವೂ ಇಲ್ಲದೆ ಎಲ್ಲರೂ ಸಹೋದರರಂತೆ ಬಾಳುವ ಮಾದರಿ ಸ್ಥಳ ಅದೆಂಬ ಅರ್ಥದ ಬರಹವನ್ನು ಅಲ್ಲಿ ಅವರು ಬರೆಸಿದರು.

ಈ ಚಳವಳಿಗೆ ಕನ್ನಡ ನಾಡಿನ ನಂಟು ಆರಂಭದಿಂದಲೂ ಇತ್ತೆಂಬುದನ್ನು ನಮ್ಮಲ್ಲಿ ಅನೇಕರು ತಿಳಿದಿರಲಾರರು. ವೈದ್ಯ ಪದವೀಧರರಾದ ಡಾ. ಪಲ್ಪು ಅವರಿಗೆ ಜಾತಿಯ ಕಾರಣದಿಂದ ತಿರುವಾಂಕೂರಿನಲ್ಲಿ ಉದ್ಯೋಗ ದೊರೆಯದೆ, ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. 1896ರಲ್ಲಿ 13,176 ಮಂದಿಯ ಸಹಿಯಿದ್ದ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿದವರು ಅವರೇ. ಗುರುಗಳು ತಮ್ಮ ಶಿಷ್ಯ ಕುಮಾರನ್ ಆಶಾನರನ್ನು ಉಚ್ಚ ಸಂಸ್ಕೃತ ವ್ಯಾಸಂಗಕ್ಕಾಗಿ ಕಳುಹಿಸಿದ್ದೂ ಬೆಂಗಳೂರಿಗೆ, ಪಲ್ಪು ಅವರ ಆಶ್ರಯಕ್ಕೆ. 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಸ್ಥಾಪನೆಯಾದಾಗ ಗುರುಗಳು ಅಧ್ಯಕ್ಷರೂ, ಮುಂದೆ ಮಹಾಕವಿಯೆನಿಸಿದ ಆಶಾನರು ಕಾರ್ಯದರ್ಶಿಯೂ ಆದರು.

1908ರಲ್ಲಿ ತಲಶ್ಶೇರಿಯ ಜಗನ್ನಾಥ ದೇವಾಲಯದ ಪ್ರತಿಷ್ಠೆ ನಡೆಯಿತು. ಆಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮಂಗಳೂರಿನ ಬಿಲ್ಲವ ಮುಖಂಡ ಸಾಹುಕಾರ ಕೊರಗಪ್ಪನವರು ಗುರುಗಳನ್ನು ಬರಮಾಡಿಕೊಂಡರು. ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಗುರುಗಳ ಹಸ್ತದಿಂದಲೇ ಆಯಿತು. ಅನ್ಯರ ದೇವಸ್ಥಾನದ ಹೊರಗೆ ನಿಂತು ಕೈಮುಗಿಯುತ್ತಿದ್ದ ಜನರಿಗೆ ತಮ್ಮದೇ ಆದ ಗುಡಿ ದೊರೆತದ್ದು ಹೀಗೆ.

ಆದರೆ ಗುಡಿಗಳನ್ನು ಕಟ್ಟಿಸಿದ ಆ ಕೈಯೇ ಗುಡಿಯಿಂದಾಚೆಗೂ ದಾರಿ ತೋರಿತು. ಶಿವಗಿರಿಯಲ್ಲಿ 1912ರಲ್ಲಿ ಅವರು ಪ್ರತಿಷ್ಠಾಪಿಸಿದ್ದು ವಿದ್ಯಾದೇವತೆಯಾದ ಶಾರದೆಯನ್ನು. ಆಮೇಲೆ ಒಂದೆಡೆ ವಿಗ್ರಹದ ಸ್ಥಾನದಲ್ಲಿ ದೀಪವನ್ನಿಟ್ಟರು. 1927ರಲ್ಲಿ ಕಳವಂಕೋಡದಲ್ಲಿ ಕನ್ನಡಿಯನ್ನೇ ಇಟ್ಟರು. ಭಕ್ತನು ಗರ್ಭಗುಡಿಯನ್ನು ನೋಡಿದರೆ ಕಾಣುವುದು ಅವನ ಮುಖವೇ! ಇನ್ನು ಮುಂದೆ ವಿದ್ಯಾಲಯಗಳೇ ಪ್ರಧಾನ ದೇವಾಲಯಗಳಾಗಲಿ ಎಂದು ಅವರು ಜನರಿಗೆ ತಿಳಿಹೇಳಿದರು. ಕಳ್ಳಿಳಿಸುವುದು ಕುಲಕಸುಬಾಗಿದ್ದ ಸಮುದಾಯಕ್ಕೆ ಮದ್ಯವನ್ನು ಮಾಡಬಾರದು, ಮಾರಬಾರದು, ಕುಡಿಯಬಾರದೆಂದು ಉಪದೇಶಿಸಿದರು. ಅನುಯಾಯಿಗಳ ಅನ್ನಕ್ಕೇ ತಾಗುವ ಇಂಥ ಮಾತನ್ನು ಆಡಲು ಎಷ್ಟು ಮಂದಿ ನಾಯಕರಿಗೆ ಧೈರ್ಯವಿದ್ದೀತು?

ಅವರು ಹೊಸ ಮತವೊಂದನ್ನು ಸ್ಥಾಪಿಸಿದರೇ? ಹಾಗೆ ಮಾಡಲು ಎಲ್ಲ ಅನುಕೂಲಗಳೂ ಇದ್ದವು: ಲಕ್ಷಾಂತರ ಅನುಯಾಯಿಗಳು, ಮಠ, ಸಂಘಟನೆ, ಆತ್ಮೋಪದೇಶ ಶತಕದಂತಹ ಕೃತಿಗಳು. ಆದರೆ 1916ರಲ್ಲಿ ತಾವು ಯಾವುದೇ ಪ್ರತ್ಯೇಕ ಜಾತಿಗೂ ಮತಕ್ಕೂ ಸೇರಿದವರಲ್ಲವೆಂದು ಪ್ರಕಟಿಸಿದರು. ಸಮುದಾಯದ ಕೆಲವು ನಾಯಕರು ಬೌದ್ಧ ಮತಕ್ಕೆ ಸೇರೋಣವೆಂದು ಒತ್ತಾಯಿಸುತ್ತಿದ್ದಾಗಲೂ ಅವರು ಯಾವ ಮತವನ್ನೂ ಹಳಿಯಲಿಲ್ಲ. ಮತ ಯಾವುದಾದರೇನು, ಮನುಷ್ಯ ಉತ್ತಮನಾದರೆ ಸಾಕೆಂಬುದು ಅವರ ನಿಲುವು. 1924ರ ಶಿವರಾತ್ರಿಯಲ್ಲಿ ಆಲುವೆಯ ಅದ್ವೈತಾಶ್ರಮದಲ್ಲಿ ಸರ್ವಮತ ಸಮ್ಮೇಳನವನ್ನು ನಡೆಸಿ, ಅದು ವಾದಿಸಿ ಗೆಲ್ಲುವುದಕ್ಕಲ್ಲ, ಅರಿಯುವುದಕ್ಕೆ ಮತ್ತು ಅರಿವು ಹಂಚುವುದಕ್ಕೆ ಎಂದು ಎಲ್ಲರಿಗೂ ಕಾಣುವಂತೆ ಬರೆಸಿದರು. ಅಂತಹವರನ್ನು ಇಂದು ಒಂದು ಜಾತಿಯ ಗುರುಗಳೆಂದು ಕರೆದು, ಜಯಂತಿಯ ದಿನ ಆ ಜಾತಿಯವರಷ್ಟೇ ಸೇರುವುದು ನನಗೆ ಸರಿಕಾಣುವುದಿಲ್ಲ.

ವೈಕಂನಲ್ಲಿ 1924–25ರಲ್ಲಿ ದೇವಾಲಯದ ಸುತ್ತಣ ದಾರಿಗಾಗಿ ಸತ್ಯಾಗ್ರಹ ನಡೆದಾಗ ಗುರುಗಳು ಸಾವಿರ ರೂಪಾಯಿ ಕೊಟ್ಟು ಬೆಂಬಲಿಸಿದರು. 1922ರಲ್ಲಿ ರವೀಂದ್ರನಾಥ ಠಾಕೂರರೂ 1925ರಲ್ಲಿ ಗಾಂಧೀಜಿಯವರೂ ಶಿವಗಿರಿಗೆ ಬಂದು ಅವರನ್ನು ಕಂಡರು. 1928ರ ಸೆಪ್ಟೆಂಬರ್ 20ರಂದು ಗುರುಗಳು ಅಲ್ಲಿಯೇ ಸಮಾಧಿಸ್ಥರಾದರು. ತಿರುವಾಂಕೂರಿನ ದೇವಾಲಯ ಪ್ರವೇಶ ಘೋಷಣೆ ಹೊರಟದ್ದು ಎಂಟು ವರ್ಷಗಳ ಅನಂತರ, 1936ರ ನವೆಂಬರ್ 12ರಂದು.

ಅಷ್ಟರಲ್ಲಿ ಡಾ. ಪಲ್ಪು ಅವರ ಪುತ್ರ ನಟರಾಜ ಗುರುಗಳು ನೀಲಗಿರಿಯಲ್ಲಿ 1923ರಲ್ಲಿ ನಾರಾಯಣ ಗುರುಕುಲವನ್ನು ಆರಂಭಿಸಿದ್ದರು. ಕುದ್ರೋಳಿಯ ದೇವಾಲಯವು 1991ರಲ್ಲಿ ನವೀಕರಣಗೊಂಡಿತು. 2013ರಲ್ಲಿ ಅದೇ ದೇವಾಲಯದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಲಾಯಿತು.