ದಾನಚಿಂತಾಮಣಿ ಅತ್ತಿಮಬ್ಬೆ

ಧರ್ಮ ಒಂದೇ ಆದರೂ ಅದನ್ನು ಆಶ್ರಯಿಸಿದ ಜೀವಿಗಳ ಪ್ರಕೃತಿ ಒಂದೇ ಬಗೆಯದಲ್ಲ. ಹತ್ತನೆಯ ಶತಮಾನದಲ್ಲಿ ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ಮನೆಯನ್ನು ಸೇರಿದ ಇಬ್ಬರು ಸೋದರಿಯರ ಬಾಳು ಇದಕ್ಕೆ ಸಾಕ್ಷಿಯಾಗಿದೆ.

ವೆಂಗಿಮಂಡಲದ ಮಲ್ಲಪಯ್ಯನ ಪುತ್ರಿಯರಾದ ಅತ್ತಿಮಬ್ಬೆ ಮತ್ತು ಗುಂಡಮಬ್ಬೆಯರಿಬ್ಬರನ್ನೂ ಚಾಲುಕ್ಯ ಚಕ್ರವರ್ತಿ ತೈಲಪನ ಮಂತ್ರಿ ದಲ್ಲಪನ ಮಗನಾದ ನಾಗದೇವನು ವರಿಸಿದನು. ನಾಗದೇವನು ರಣರಂಗದಲ್ಲಿ ಮಡಿದಾಗ ಗುಂಡಮಬ್ಬೆ ಪತಿಯೊಡನೆ ಚಿತೆಯನ್ನೇರಿದಳು. ಜೈನಾಚಾರವು ಸಹಗಮನವನ್ನು ವಿಧಿಸುವುದಿಲ್ಲ. ಆದರೂ ಆ ಭಾವತೀವ್ರ ಹೃದಯವನ್ನು ಹಗುರವಾಗಿ ನೋಡಲಾಗದು. ಅತ್ತಿಮಬ್ಬೆಯದು ಬೇರೆಯೇ ಧಾತು. ಪತಿಯನ್ನೂ ತಂಗಿಯನ್ನೂ ಒಮ್ಮೆಗೇ ಕಳೆದುಕೊಂಡ ಆಕೆ ಎಳೆಯ ಮಗ ಅಣ್ಣಿಗದೇವನನ್ನು ಸಾಕುವ ಹೊಣೆ ಹೊತ್ತು, ಕಠಿನ ವ್ರತಗಳನ್ನು ಹಿಡಿದು ಶ್ರಾವಕಿಯಾಗಿಯೇ ಉಳಿದಳು. ಆಕೆಯ ದುಃಖ ಕಾರ್ಯವಾಗಿ ಹರಿಯಿತು.

ತನ್ನ ತಂದೆ ಮತ್ತು ಚಿಕ್ಕಪ್ಪ ಪುನ್ನಮಯ್ಯನವರ ಪ್ರೇರಣೆಯಿಂದ ಪೊನ್ನನು ರಚಿಸಿದ್ದ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮುದ್ರಣವಿಲ್ಲದ ಕಾಲವದು. ತಾಳೆಗರಿಗಳನ್ನು ಹದಗೊಳಿಸಬೇಕು, ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕು, ಮಸಿ ಸವರಬೇಕು, ಲಿಪಿಕಾರರಿಗೆ ಅನ್ನವಸತಿಗಳನ್ನು ಒದಗಿಸಬೇಕು. ಇಷ್ಟೂ ಸಾವಿರ ಬಾರಿ! ಭಕ್ತಿಯೊಂದೇ ಇದಕ್ಕೆ ಸಾಲದು, ಲೆಕ್ಕಾಚಾರ ಬಲ್ಲ ಸ್ಥಿರಬುದ್ಧಿ ಬೇಕು. ಮಣಿಖಚಿತವಾದ 1500 ಸುವರ್ಣ ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳೆಂದೂ ಪ್ರತೀತಿಯಿದೆ. ಉಕ್ಕಿದ ಗೋದಾವರಿಯನ್ನು ತಗ್ಗಿಸಿದಳೆಂಬುದೇ ಮೊದಲಾದ ಪವಾಡಗಳನ್ನು ಜನ ಹೆಚ್ಚಾಗಿ ಹೇಳುತ್ತಾರೆ; ಆದರೆ ಈ ಓಲೆಗರಿಗಳ ಕಾಯಕವೇ ಹೆಚ್ಚು ಬೆರಗು ಹುಟ್ಟಿಸುವಂಥದು.

ತನಗಿಂತ ಭಿನ್ನ ಸ್ವಭಾವದವರಿಗೂ ಆಕೆ ಧರ್ಮಕಾರ್ಯದಲ್ಲಿ ಎಡೆ ಮಾಡಿಕೊಟ್ಟಳು. ಬಳೆಗಾರ ಕುಲದಲ್ಲಿ ಹುಟ್ಟಿ, ತನ್ನ ಪ್ರತಿಭೆಯ ಅಭಿಮಾನವನ್ನು ಎಂದೂ ಮುಚ್ಚಿಡದ ರನ್ನನಿಗೆ ಆಶ್ರಯವಿತ್ತು, 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದವಳು ಆಕೆಯೇ. ವ್ರತಗಳಿಂದ ಕೃಶವಾದ ಶ್ರಾವಕಿಯೂ ಕೀರ್ತಿಪ್ರಿಯನಾದ ಕವಿಯೂ ಒಂದೇ ತೀರ್ಥಂಕರ ಚರಿತೆಗಾಗಿ ಕೂಡಿದರು. ರನ್ನನು ಆ ಪುರಾಣದಲ್ಲಿ ತೀರ್ಥಂಕರರ ಕಥೆಯ ಜೊತೆಗೆ ಆಕೆಯ ಚರಿತ್ರೆಯನ್ನೂ ಹೇಳಿದನು. ಇಂದು ಅತ್ತಿಮಬ್ಬೆಯ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಭಾಗ ಅಲ್ಲಿಂದ ಬಂದದ್ದು.

ಆಕೆ ಕಟ್ಟಿಸಿದ ಬಸದಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಇಂದಿಗೂ ನಿಂತಿದೆ. 1007ರ ಶಾಸನವು ಆಕೆಯ ದಾನವನ್ನು ಸಾರುತ್ತದೆ. ಪೊನ್ನನ ಇನ್ನೊಂದು ಕಾವ್ಯ ಭುವನೈಕರಾಮಾಭ್ಯುದಯವು ಕಾಲಗರ್ಭದಲ್ಲಿ ಕಳೆದುಹೋಯಿತು. ಶಾಂತಿಪುರಾಣ ಉಳಿದು ಬಂದಿದೆ.